ಬಾಸ್ಕ್ ಬೆಟ್ಟಗಳಲ್ಲಿ ಆರು ದಿನ: ಸೈಕಲ್ ರೇಸ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ ಇಟ್ಸುಲಿಯಾ ರೇಸ್ ಬಗ್ಗೆ ಬರೆದಿದ್ದು ಎರಡೇ ಪ್ಯಾರಾ. ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ, ಅದಕ್ಕೇ ಈ ಸಲ ಇಡೀ ಅಂಕಣ ಅದಕ್ಕೇ ಮೀಸಲು. ಹೊಸಬರಿಗೆ ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ, ಇದು ಸ್ಪೇನಿನ ಉತ್ತರಕ್ಕೆ ಸಮುದ್ರಕ್ಕಂಟಿಕೊಂಡಿರೋ ಬಾಸ್ಕ್ ನಾಡಲ್ಲಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ನಡೆಯೋ ಆರು ದಿನದ ರೋಡ್ ರೇಸ್. ದಿನಕ್ಕೊಂದು ಓಟ, ಅದನ್ನೇ ಸ್ಟೇಜ್ ಅನ್ನೋದು. ಒಂದು ದಿನ ಸಾಮಾನ್ಯವಾಗಿ ಚಿಕ್ಕ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸೋದು), ಉಳಿದ ದಿನ ಹೆಚ್ಚಾಗಿ 150ರಿಂದ 190 ಕಿ.ಮೀ. ಸ್ಟೇಜುಗಳು. ಟೂರ್ ಡಿ ಫ್ರಾನ್ಸ್‌ಗೆ ಹೋಗೋ ದೊಡ್ಡ ಟೀಮ್‌ಗಳೇ ಇಲ್ಲಿಗೂ ಬರ್ತವೆ.

ಪ್ರಶ್ನೆ: ಸರ್, ಆರು ದಿನದಾಗ ಒಂದ ದಿನಾನೂ ಫಸ್ಟ್ ಬರದ ಇದ್ದಾವ ಇಡೀ ರೇಸ್ ಹೆಂಗ ಗೆಲ್ತಾನ್ರೀ? ಇದು ನ್ಯಾಯ ಏನ್ರೀ? (ಪಿಯುಸಿ ವಿದ್ಯಾರ್ಥಿ, ವಿಜಯಪುರ)

ನ್ಯಾಯಾನೇ ತಮ್ಮಾ. ಇಲ್ಲಿ ಲೆಕ್ಕ ಇರೋದು ಟೈಮಿಂದು, ನಂಬರಿಂದಲ್ಲ. ಆರು ದಿನ ಓಡ್ಸಿದ ಟೈಮ್ ಎಲ್ಲಾ ಕೂಡಿಸ್ತಾರೆ, ಯಾರದ್ದು ಕಮ್ಮಿ ಅವ್ನೇ ವಿನ್ನರ್. ಒಂದು ಗುಂಪಾಗಿ ಒಟ್ಟಿಗೆ ಫಿನಿಶ್ ಲೈನ್ ದಾಟಿದ್ರೆ ಗುಂಪಲ್ಲಿದ್ದೋರಿಗೆಲ್ಲ ಒಂದೇ ಟೈಮ್ ಕೊಡ್ತಾರೆ, ಹಾಗಾಗಿ ಸ್ಪ್ರಿಂಟಲ್ಲಿ ಒಂದು ಗಾಲಿ ಮುಂದೆ ಬಂದೋನಿಗೆ ಆ ದಿನದ ಗೆಲುವು ಸಿಗುತ್ತೆ, ಒಟ್ಟು ಲೆಕ್ಕದಲ್ಲಿ ಅದರಿಂದ ದೊಡ್ಡ ಲಾಭ ಏನೂ ಆಗಲ್ಲ.

ನೀನು ಕೇಳಿದ್ದಕ್ಕೆ ಸರಿಯಾದ ಉದಾಹರಣೆ 2024. ಆ ವರ್ಷ ಗೆದ್ದಿದ್ದು ಸ್ಪೇನಿನ ಹುವಾನ್ ಆಯುಸೊ, ಆಗ ಅವನಿಗೆ ಇನ್ನೂ 21 ವರ್ಷ, ಒಂದೇ ಒಂದು ಸ್ಟೇಜ್ ಕೂಡ ಗೆದ್ದಿರಲಿಲ್ಲ. ಕೊನೇ ದಿನ ಬೆಳಗ್ಗೆ ಹಳದಿ ಜರ್ಸಿ, ಅಂದ್ರೆ ಒಟ್ಟು ಟೈಮಲ್ಲಿ ಮುಂದಿರೋನು ಹಾಕೋ ಅಂಗಿ, ಡೆನ್ಮಾರ್ಕಿನ ಮತಿಯಾಸ್ ಸ್ಕೆಲ್ಮೊಸ್ ಮೈಮೇಲಿತ್ತು, ಆಯುಸೊ ಕೆಲವೇ ಸೆಕೆಂಡ್ ಹಿಂದೆ ಇದ್ದ, ಆಮೇಲೆ ಬೆಟ್ಟಗಳಲ್ಲಿ ಕಾರ್ಲೋಸ್ ರೊದ್ರಿಗೆಸ್ ಜೊತೆ ಸೇರ್ಕೊಂಡು ಎಲ್ಲರನ್ನೂ ಬಿಟ್ಟು ಮುಂದೆ ಹೋದ, ಎಯ್ಬರ್ ಊರಲ್ಲಿ ಸ್ಟೇಜ್ ರೊದ್ರಿಗೆಸ್‌ಗೆ, ಇಡೀ ರೇಸ್ ಆಯುಸೊಗೆ. ಇಬ್ಬರಿಗೂ ಬೇಕಾಗಿದ್ದು ಸಿಕ್ತು, ಇಬ್ಬರೂ ಕೊನೇವರೆಗೂ ಮನಸ್ಸಿಟ್ಟು ಕೆಲಸ ಹಂಚ್ಕೊಂಡ್ರು. ಬೇರೆ ಟೀಮಿನವರು ಹೀಗೆ ದಾರಿ ಮಧ್ಯೆ ಗೆಳೆಯರಾಗೋದು ಈ ಆಟದಲ್ಲಿ ದಿನಾ ನಡೆಯೋದೇ, ಯಾಕಂದ್ರೆ ಮುಂದಿರೋನ ಹಿಂದೆ ಗಾಳಿ ತಪ್ಪಿಸ್ಕೊಂಡು ಹೋದ್ರೆ ಸುಮಾರು ಮೂರನೇ ಒಂದು ಪಾಲು ಶಕ್ತಿ ಉಳಿಯುತ್ತೆ, ಒಬ್ಬನೇ ಹೋದ್ರೆ ಅಷ್ಟೂ ಗಾಳಿ ಎದೆಗೆ.

ಪ್ರಶ್ನೆ: ಈ ರೇಸು ಎಷ್ಟು ಹಳೆಯದು? ಅಷ್ಟು ಸಣ್ಣ ನಾಡಿನಲ್ಲಿ ಸೈಕಲ್ಲಿಗೆ ಇಷ್ಟೊಂದು ಬೆಲೆ ಬಂದದ್ದು ಹೇಗೆ? (ನಿವೃತ್ತ ಮೇಷ್ಟ್ರು, ಮೈಸೂರು)

ಮೇಷ್ಟ್ರೇ, ಮೊದಲ ರೇಸ್ ನಡೆದಿದ್ದು 1924ರಲ್ಲಿ, ಗೆದ್ದೋರು ಫ್ರಾನ್ಸಿನ ಫ್ರಾನ್ಸಿಸ್ ಪೆಲಿಸಿಯೆ. 1930ರ ತನಕ ನಡೀತು, ಆಮೇಲೆ ನಿಂತು 1935ರಲ್ಲಿ ಮತ್ತೊಂದ್ಸಲ ನಡೀತು, ಆಗ ಗೆದ್ದಿದ್ದು ಇಟಲಿಯ ಜಿನೊ ಬಾರ್ತಾಲಿ. ಮುಂದಿನ ವರ್ಷವೇ ಸ್ಪೇನಲ್ಲಿ ಅಂತರ್ಯುದ್ಧ ಶುರುವಾಯ್ತು. 1937ರಲ್ಲಿ ಗೆರ್ನಿಕಾ ಊರಿನ ಮೇಲೆ ಬಾಂಬ್ ಹಾಕಿದ್ರಲ್ಲ, ಅದು ಇದೇ ಬಾಸ್ಕ್ ನಾಡು. ಯುದ್ಧ ಗೆದ್ದ ಫ್ರಾಂಕೊ ಆಡಳಿತದಲ್ಲಿ ಬಾಸ್ಕ್ ಭಾಷೆ ಶಾಲೆಯಿಂದ, ಕಚೇರಿಯಿಂದ ಹೊರಗೆ ಹೋಯ್ತು. ರೇಸ್ ಮತ್ತೆ ಬಂದಿದ್ದು 1969ರಲ್ಲಿ, ಅಂದ್ರೆ ಮೂವತ್ನಾಲ್ಕು ವರ್ಷ ಆದ್ಮೇಲೆ, ಆ ವರ್ಷ ಗೆದ್ದಿದ್ದು ಝಾಕ್ ಆಂಕೆತಿಲ್. ಟೂರ್ ಡಿ ಫ್ರಾನ್ಸನ್ನ ಐದು ಸಲ ಗೆದ್ದ ಮೊದಲ ಮನುಷ್ಯ ಅವರೇ, ಅದು ಅವರ ಕೊನೇ ದೊಡ್ಡ ಗೆಲುವುಗಳಲ್ಲಿ ಒಂದು.

ಈಗ ನಿಮ್ಮ ಎರಡನೇ ಪ್ರಶ್ನೆ, ಅದೇ ನಿಜಕ್ಕೂ ಒಳ್ಳೇ ಪ್ರಶ್ನೆ. ಎಯ್ಬರ್ ಅಂತ ಒಂದು ಊರಿದೆ, ಎರಡು ಬೆಟ್ಟದ ಮಧ್ಯೆ ಕಿರಿದಾದ ಕಣಿವೇಲಿ, ನೂರಾರು ವರ್ಷದಿಂದ ಅಲ್ಲಿ ಬಂದೂಕು ತಯಾರಿಸ್ತಿದ್ರು, ಮನೆಮನೆಗೂ ಲೇತು, ಫೈಲು, ಕೊಳವೆ ಕೊರೆಯೋ ಕೆಲಸ. ಒರ್ಬಿಯಾ ಅನ್ನೋ ಕಂಪನಿ 1840ರಲ್ಲಿ ಅಲ್ಲಿ ಬಂದೂಕಿಗೇ ಅಂತ ಹುಟ್ಟಿದ್ದು, ಬಿಎಚ್ ಅನ್ನೋದು 1909ರಲ್ಲಿ ಮೂವರು ಅಣ್ಣತಮ್ಮಂದಿರು ಆಯುಧಕ್ಕೇ ಅಂತ ಮಾಡಿದ್ದು. ಮೊದಲ ಮಹಾಯುದ್ಧ ಮುಗಿದ್ಮೇಲೆ ಬಂದೂಕಿಗೆ ಗಿರಾಕಿ ಇಲ್ಲ, ಆದ್ರೆ ಕೈಯಲ್ಲಿ ಕಬ್ಬಿಣದ ಕೊಳವೆ ಕೊರೆಯೋ ವಿದ್ಯೆ ಇದೆ, ಸೈಕಲ್ ಫ್ರೇಮ್ ಅಂದ್ರೂ ಕೊಳವೇನೇ ತಾನೆ, ಹಾಗಾಗಿ ಅದೇ ಮೆಷಿನ್ನು ಅದೇ ಜನ ಸೈಕಲ್ ಮಾಡೋಕೆ ಶುರು ಮಾಡಿದ್ರು. ಒರ್ಬಿಯಾ ಕಥೆ ಇನ್ನೂ ಚೆನ್ನಾಗಿದೆ, 1960ರ ದಶಕದ ಕೊನೇಲಿ ಕಂಪನಿ ಕಷ್ಟಕ್ಕೆ ಬಂದಾಗ ಕೆಲಸಗಾರರೇ ಅದನ್ನ ತಗೊಂಡು ಸಹಕಾರಿ ಸಂಘ ಮಾಡ್ಕೊಂಡ್ರು, ಇವತ್ತಿಗೂ ಅದು ಅವರದ್ದೇ. 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ರೋಡ್ ರೇಸ್ ಚಿನ್ನ ಗೆದ್ದ ಸಾಮುಯೆಲ್ ಸಾಂಚೆಸ್ ಓಡ್ಸಿದ್ದು ಒರ್ಬಿಯಾ ಸೈಕಲ್ಲು.

ಅದೇ ಎಯ್ಬರ್ ಊರಿನ ಕ್ಲಬ್ಬು 1952ರಲ್ಲಿ ತನ್ನದೇ ಒಂದು ಸ್ಟೇಜ್ ರೇಸ್ ಶುರು ಮಾಡಿತ್ತು, ಬಿಸಿಕ್ಲೆತಾ ಎಯ್ಬರ್ರೆಸಾ ಅಂತ. 1973ರಲ್ಲಿ ಅದೂ ಇಟ್ಸುಲಿಯಾನೂ ಒಂದಾಯ್ತು. ಈಗ್ಲೂ ಇಟ್ಸುಲಿಯಾದ ಕೊನೇ ಸ್ಟೇಜ್ ಬಹಳ ಸಲ ಎಯ್ಬರ್‌ನಲ್ಲೋ ಅದರ ತಲೆ ಮೇಲಿರೋ ಅರ್ರಾತೆ ಬೆಟ್ಟದಲ್ಲೋ ಮುಗಿಯೋದು ಸುಮ್ನೆ ಅಲ್ಲ. ಸೈಕಲ್ ಮಾಡಿದ ಊರಿಗೇ ರೇಸ್ ಬಂದು ಮುಗಿಯುತ್ತೆ, ರಸ್ತೆ ಬದಿ ನಿಂತಿರೋ ಮುದುಕರಲ್ಲಿ ಫ್ರೇಮ್ ವೆಲ್ಡಿಂಗ್ ಮಾಡಿ ರಿಟೈರ್ ಆದೋರೂ ಇರ್ತಾರೆ. ನನಗೆ ಈ ರೇಸ್ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ, ಇದು ಮೇಲಿಂದ ಯಾರೋ ದುಡ್ಡು ಸುರಿದು ತಂದು ಇಟ್ಟಿದ್ದಲ್ಲ, ಕೆಳಗಿಂದ ಬೆಳೆದಿದ್ದು.

ಪ್ರಶ್ನೆ: ನಾನು ವೀಕೆಂಡ್ ನಂದಿ ಬೆಟ್ಟ ಹತ್ತೋನು. ಅಲ್ಲಿನ ಏರುಗಳು ನಂದಿಗಿಂತ ಕಷ್ಟಾನಾ? ಆಲ್ಪ್ಸ್ ಥರ ಎತ್ತರ ಇಲ್ವಲ್ಲ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಎತ್ತರ ಇಲ್ಲ ನಿಜ, ಬಾಸ್ಕ್ ಏರುಗಳು ಆಲ್ಪ್ಸ್ ಘಾಟಿಗಳ ಮುಂದೆ ಚಿಕ್ಕವು. ಕಷ್ಟ ಇರೋದು ಬೇರೆ ಕಡೆ. ನಂದಿ ಏಳೆಂಟು ಕಿ.ಮೀ. ಏರು, ಒಂದೇ ರಿದಮ್ಮಲ್ಲಿ ಹೋಗ್ಬಹುದು, ಕೊನೇ ಭಾಗ ಬಿಟ್ರೆ ಉಸಿರಿಗೆ ಜಾಗ ಕೊಡುತ್ತೆ. ಅರ್ರಾತೆ ನಾಲ್ಕೈದು ಕಿ.ಮೀ. ಅಷ್ಟೇ ಆದ್ರೆ ಸರಾಸರಿ ಎಂಟು ಪರ್ಸೆಂಟ್ ಮೇಲೆ, ಇನ್ನು ಕೆಲವು ಹಳ್ಳಿ ರಸ್ತೆಗಳಲ್ಲಿ ಇಪ್ಪತ್ತು ಪರ್ಸೆಂಟ್ ತನಕ ಹೋಗುತ್ತೆ, ಅಂದ್ರೆ ನೂರು ಮೀಟರ್ ಮುಂದೆ ಹೋದ್ರೆ ಇಪ್ಪತ್ತು ಮೀಟರ್ ಮೇಲೆ. ಅಂಥದ್ದು ದಿನಕ್ಕೆ ಒಂದಲ್ಲ, ಆರೇಳು. ಹತ್ತಿದ ತಕ್ಷಣ ಇಳಿಜಾರು, ಇಳಿಜಾರು ಕಿರಿದು, ಮರದ ನೆರಳಲ್ಲಿ ಒದ್ದೆ, ಮೇಲೆ ಏಪ್ರಿಲ್ ತಿಂಗಳ ಜಿಟಿಜಿಟಿ ಮಳೆ, ನಮ್ಮ ಆಗುಂಬೆ ಕಡೆ ಆಷಾಢದಲ್ಲಿ ಹಿಡ್ಕೊಂಡ್ರೆ ಬಿಡಲ್ವಲ್ಲ ಹಾಗೆ. ಸಪಾಟು ರಸ್ತೆ ಅನ್ನೋದು ಬಹಳ ಕಮ್ಮಿ, ಅದಕ್ಕೇ ಟೀಮ್‌ಗಳಿಗೆ ರೇಸನ್ನ ಕಂಟ್ರೋಲ್ ಮಾಡೋಕೆ ಆಗಲ್ಲ, ಸಹಾಯಕರು ಮಧ್ಯಾಹ್ನಕ್ಕೇ ಖಾಲಿ ಆಗ್ತಾರೆ, ಲೀಡರ್ ಒಬ್ಬನೇ ಉಳೀತಾನೆ.

ಇದು ಅರ್ಥ ಆಗ್ಬೇಕು ಅಂದ್ರೆ 2021ರ ಕೊನೇ ಸ್ಟೇಜ್ ನೋಡಿ, ಒಂದಾರಾಂದ ಅರ್ರಾತೆಗೆ, ಬರೀ 112 ಕಿ.ಮೀ. ಬೆಳಗ್ಗೆ ಹಳದಿ ಜರ್ಸಿ ಅಮೆರಿಕದ ಬ್ರ್ಯಾಂಡನ್ ಮೆಕ್ನಲ್ಟಿ ಹತ್ರ, ಅವನ ಟೀಮಲ್ಲೇ ತದೇಯ್ ಪೊಗಾಚಾರ್ ಬೇರೆ ಇದ್ದಾನೆ, ಇಂಥಾ ಜೋಡೀನ ಯಾರು ಸೋಲಿಸ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ರು. ಪ್ರಿಮೋಜ್ ರೋಗ್ಲಿಚ್ ಕೊನೇ ಏರಿನ ತನಕ ಕಾಯಲಿಲ್ಲ, ಇನ್ನೂ ಬಹಳ ದೂರ ಇರೋವಾಗಲೇ ಒಂದು ಇಳಿಜಾರಲ್ಲಿ ಕೆಲವರ ಜೊತೆ ನುಗ್ಗಿ ಹೋಗ್ಬಿಟ್ಟ. ಪೊಗಾಚಾರ್ ಹಿಂದೆ ಮೆಕ್ನಲ್ಟಿ ಜೊತೆ ಉಳ್ಕೊಂಡ, ಟೀಮ್‌ಮೇಟ್ ಹಳದೀಲಿದ್ದಾನೆ ಅವನನ್ನ ಬಿಟ್ಟು ಹೋಗೋ ಹಾಗಿಲ್ಲ, ಮೆಕ್ನಲ್ಟಿ ಕುಸಿದಾಗ ಹೋಗೋಣ ಅಂದ್ರೆ ಅಷ್ಟ್ರಲ್ಲಿ ಹೊತ್ತು ಮೀರಿತ್ತು. ಮುಂದೆ ರೋಗ್ಲಿಚ್ ಜೊತೆ ಕೊನೆಗೆ ಉಳಿದಿದ್ದು ಫ್ರಾನ್ಸಿನ ದಾವಿದ್ ಗೊಡು ಒಬ್ಬನೇ, ಮೇಲೆ ತಲುಪಿದಾಗ ರೋಗ್ಲಿಚ್ ಸ್ಪ್ರಿಂಟ್ ಮಾಡದೆ ಅವನಿಗೆ ಸ್ಟೇಜ್ ಬಿಟ್ಟುಕೊಟ್ಟ. ರೇಸ್ ರೋಗ್ಲಿಚ್‌ಗೆ, ಎರಡನೇ ಜಾಗ ಆಗಿನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ಯೋನಾಸ್ ವಿಂಗೆಗಾರ್ಡ್‌ಗೆ, ಮೂರನೇದು ಪೊಗಾಚಾರ್‌ಗೆ. ಮುಂದೆ ಟೂರ್ ಡಿ ಫ್ರಾನ್ಸಲ್ಲಿ ವರ್ಷಗಟ್ಟಲೆ ನಾವು ನೋಡಿದ ವಿಂಗೆಗಾರ್ಡ್, ಪೊಗಾಚಾರ್ ಜಿದ್ದಾಜಿದ್ದಿಯ ಮೊದಲ ಸುಳಿವು ಸಿಕ್ಕಿದ್ದೇ ಈ ಆರು ದಿನದಲ್ಲಿ ಅನ್ನೋದು ನನ್ನ ಅಭಿಪ್ರಾಯ. ಇಪ್ಪತ್ತೊಂದು ದಿನದ ಟೂರಲ್ಲಿ ಲೆಕ್ಕಾಚಾರ ಮಾಡ್ಕೊಂಡು ಶಕ್ತಿ ಉಳಿಸ್ತಾರೆ, ಇಲ್ಲಿ ಉಳಿಸ್ಕೊಳ್ಳೋಕೆ ದಿನಾನೇ ಇಲ್ಲ.

ಇನ್ನೊಂದು ಮಾತು, ಬೆಟ್ಟ ಹತ್ತೋ ತಾಕತ್ತು ಒಂದೇ ಸಾಲಲ್ಲ. ಐದು ಸಲ ಟೂರ್ ಗೆದ್ದ ಮಿಗೆಲ್ ಇಂದುರೈನ್ ಪಕ್ಕದ ನವಾರಾದವನೇ, ಅವನಿಗೆ ಈ ರೇಸ್ ಒಂದು ಸಲಾನೂ ದಕ್ಕಲಿಲ್ಲ, ಅವನ ಕಾಲದಲ್ಲೇ ಸ್ವಿಟ್ಜರ್ಲೆಂಡಿನ ಟೋನಿ ರೊಮಿಂಗರ್ 1992ರಿಂದ 94ರ ತನಕ ಸತತ ಮೂರು ಸಲ ಗೆದ್ದ. ದಾಖಲೆ ನಾಲ್ಕು ಗೆಲುವು, ಗೊನ್ಸಾಲೆಸ್ ಲಿನಾರೆಸ್ ಮತ್ತೆ ಆಲ್ಬರ್ಟೊ ಕಾಂಟಡೋರ್ ಇಬ್ಬರದ್ದು.

ಪ್ರಶ್ನೆ: ಟಿವಿಯಲ್ಲಿ ರಸ್ತೆ ತುಂಬ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಕುಣಿಯೋ ಜನ ಕಾಣಿಸ್ತಾರೆ, ಯಾರು ಅವರು? (ಶಿವಮೊಗ್ಗ)

ಅದು ಎವುಸ್ಕಲ್ತೆಲ್ ಟೀಮಿನ ಬಣ್ಣ. 1994ರಲ್ಲಿ ಬಾಸ್ಕ್ ಜನ ತಮ್ಮದೇ ಒಂದು ಪ್ರೊಫೆಷನಲ್ ಟೀಮ್ ಕಟ್ಟಿದ್ರು, ನಿಯಮ ಏನಂದ್ರೆ ರೈಡರ್ ಬಾಸ್ಕ್ ನಾಡಲ್ಲಿ ಹುಟ್ಟಿರ್ಬೇಕು ಇಲ್ಲಾ ಅಲ್ಲಿನ ಕ್ಲಬ್ಬುಗಳಲ್ಲಿ ಸೈಕಲ್ ಕಲ್ತಿರ್ಬೇಕು. ಅಲ್ಲಿನ ಟೆಲಿಫೋನ್ ಕಂಪನಿ ಎವುಸ್ಕಲ್ತೆಲ್ ಸ್ಪಾನ್ಸರ್ ಆದ್ಮೇಲೆ ಕಿತ್ತಳೆ ಬಣ್ಣ ಬಂತು. 2001ರ ಟೂರಲ್ಲಿ ಪಿರನೀಸ್ ಬೆಟ್ಟದ ಲೂಸ್ ಅರ್ದಿದೆನ್ ಮೇಲೆ ರೊಬೆರ್ತೊ ಲಾಯ್ಸೆಕಾ ಗೆದ್ದಾಗ ಗಡಿ ದಾಟಿ ಬಂದಿದ್ದ ಜನದಿಂದ ಇಡೀ ಬೆಟ್ಟ ಕಿತ್ತಳೆ ಆಗಿತ್ತು. 2003ರಲ್ಲಿ ಇದೇ ಟೀಮಿನ ಇಬಾನ್ ಮಾಯೊ ಇಟ್ಸುಲಿಯಾ ಗೆದ್ದ, ಆಮೇಲೆ ಮತ್ತೊಬ್ಬ ಬಾಸ್ಕ್ ಹುಡುಗ ಗೆಲ್ಲೋಕೆ ಹದಿನಾರು ವರ್ಷ ಬೇಕಾಯ್ತು, 2019ರಲ್ಲಿ ಇಯೊನ್ ಇಸಾಗಿರ್ರೆ. ಈ ಅಂತರ ನೋಡಿದ್ರೆ ಆ ಜನ ಗೆಲ್ಲೋರನ್ನ ಮಾತ್ರ ನೋಡೋಕೆ ಬರೋರಲ್ಲ ಅಂತ ಗೊತ್ತಾಗುತ್ತೆ, ಕೊನೆಯವನಾಗಿ ಒದ್ದಾಡ್ತಾ ಹತ್ತೋನಿಗೂ ಅದೇ ಚಪ್ಪಾಳೆ.

ಟೀಮ್ 2013ರಲ್ಲಿ ಮುಚ್ಚಿತು, ದುಡ್ಡಿನ ತೊಂದರೆ. ಅದಕ್ಕಿಂತ ನೋವಿನ ವಿಷಯ ಅಂದ್ರೆ ದೊಡ್ಡ ರೇಸ್‌ಗಳಿಗೆ ಹೋಗೋ ಲೈಸೆನ್ಸ್ ಉಳಿಸ್ಕೊಳ್ಳೋಕೆ ಪಾಯಿಂಟ್ಸ್ ಬೇಕು ಅಂತ ಕೊನೇ ವರ್ಷ ಹೊರಗಿನ ರೈಡರ್‌ಗಳನ್ನ ತಂದು ತನ್ನ ನಿಯಮಾನೇ ಬಿಟ್ಟುಕೊಟ್ಟಿತ್ತು. ಟೀಮಿನ ಆತ್ಮ ಹೋಗಿದ್ದು ಆಗಲೇ ಅಂತ ನಾನು ಹೇಳ್ತೀನಿ. ಈಗ ಹೊಸ ತಲೆಮಾರಿನ ಚಿಕ್ಕ ಟೀಮಿಗೆ 2020ರಿಂದ ಮತ್ತೆ ಅದೇ ಹೆಸರು, ಅದೇ ಕಿತ್ತಳೆ ಬಂದಿದೆ, ಇಟ್ಸುಲಿಯಾದಲ್ಲಿ ದಿನಾ ಬ್ರೇಕ್‌ಅವೇಲಿ (ಗುಂಪು ಬಿಟ್ಟು ಮುಂದೆ ಹೋಗೋರಲ್ಲಿ) ಒಬ್ಬನಾದ್ರೂ ಇರ್ಬೇಕು ಅಂತ ಆ ಹುಡುಗರು ಹಟ ಹಿಡಿದು ಓಡಿಸ್ತಾರೆ.

ಇದೂ ಗೊತ್ತಿರಲಿ: ಸ್ಪೇನಿನ ದೊಡ್ಡ ರೇಸ್ ವುವೆಲ್ತಾ ರಾಜಕೀಯ ಗಲಾಟೆಯಿಂದಾಗಿ 1978ರ ನಂತರ 2011ರ ತನಕ ಬಾಸ್ಕ್ ನಾಡಿಗೆ ಕಾಲೇ ಇಟ್ಟಿರಲಿಲ್ಲ. ಮೂವತ್ಮೂರು ವರ್ಷ ಆದ್ಮೇಲೆ ಬಿಲ್ಬಾವೊಗೆ ಬಂದ ದಿನ ಅಲ್ಲೇ ಪಕ್ಕದೂರಿನ ಇಗೊರ್ ಅಂತೊನ್ ಕಿತ್ತಳೆ ಜರ್ಸೀಲಿ ಒಬ್ಬನೇ ಬಂದು ಗೆದ್ದ. ಅಷ್ಟೂ ವರ್ಷ ಆ ಜನಕ್ಕೆ ಮನೆ ಮುಂದೆ ದೊಡ್ಡ ರೈಡರ್‌ಗಳನ್ನ ತೋರಿಸ್ತಾ ಬಂದಿದ್ದರಲ್ಲಿ ಇಟ್ಸುಲಿಯಾನೂ ಒಂದು.

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ, ರೇಸ್ ಸೈಕಲ್ ಬೇಕು ಅಂತ ಹಟ. 2024ರ ಆಕ್ಸಿಡೆಂಟ್ ವಿಡಿಯೋ ನೋಡಿದ ಮೇಲೆ ನನಗೆ ನಿದ್ದೆ ಬರ್ತಿಲ್ಲ. ಇಂಥ ಆಟಕ್ಕೆ ಮಕ್ಕಳನ್ನ ಕಳಿಸಬೇಕಾ? (ತಾಯಿ, ಬೆಳಗಾವಿ)

ಅಕ್ಕಾ, ನಿಮ್ಮ ಭಯ ಸರಿ ಇದೆ, ಅದನ್ನ ಹಗುರ ಮಾಡಿ ಮಾತಾಡಲ್ಲ. ಅವತ್ತು ಏಪ್ರಿಲ್ 4, ಇಟ್ಸುಲಿಯಾದ ನಾಲ್ಕನೇ ಸ್ಟೇಜ್, ಒಲಯೆತಾ ಏರಿನಿಂದ ಇಳಿಯೋವಾಗ ಒಂದು ಬಲ ತಿರುವಲ್ಲಿ ಮುಂದಿನ ಗುಂಪೇ ಜಾರಿ ಹೋಯ್ತು. ರಸ್ತೆ ಅಲ್ಲಿ ಉಬ್ಬಿತ್ತು ಅಂತ ರೈಡರ್‌ಗಳು ಹೇಳಿದ್ರು, ಬದಿಯಲ್ಲಿ ಕಾಂಕ್ರೀಟ್ ಚರಂಡಿ, ಕಲ್ಲು, ಮರ. ವಿಂಗೆಗಾರ್ಡ್‌ಗೆ ಕಾಲರ್ ಬೋನ್, ಪಕ್ಕೆಲುಬು ಮುರೀತು, ಶ್ವಾಸಕೋಶಕ್ಕೂ ಪೆಟ್ಟು. ರೆಮ್ಕೊ ಎವೆನೆಪೂಲ್‌ಗೆ ಕಾಲರ್ ಬೋನ್ ಮತ್ತೆ ಭುಜದ ಮೂಳೆ. ಆಸ್ಟ್ರೇಲಿಯಾದ ಜೇ ವೈನ್‌ಗೆ ಬೆನ್ನುಮೂಳೆ. ರೋಗ್ಲಿಚ್ ಕೂಡ ಬಿದ್ದು ರೇಸ್ ಬಿಟ್ಟ. ಇದ್ದ ಆಂಬುಲೆನ್ಸ್‌ಗಳೆಲ್ಲ ಆಸ್ಪತ್ರೆಗೆ ಹೋಗಿದ್ರಿಂದ ರೇಸ್ ನಿಲ್ಲಿಸ್ಬೇಕಾಯ್ತು, ಆ ದಿನದ ಟೈಮನ್ನ ಒಟ್ಟು ಲೆಕ್ಕಕ್ಕೆ ಹಿಡೀಲೇ ಇಲ್ಲ, ಮುಂದೆ ಹೋಗಿದ್ದ ಆರು ಜನ ಮಾತ್ರ ಸ್ಟೇಜಿಗೋಸ್ಕರ ಓಡಿಸಿದ್ರು, ಲೂಯಿ ಮೈಂಟ್ಯೆಸ್ ಗೆದ್ದ, ಯಾರ ಮುಖದಲ್ಲೂ ಖುಷಿ ಇರಲಿಲ್ಲ.

ಅದಕ್ಕಿಂತ ಒಂದು ವರ್ಷ ಮುಂಚೆ, 2023ರ ಜೂನಲ್ಲಿ, ಟೂರ್ ಡಿ ಸ್ವಿಸ್‌ನಲ್ಲಿ ಇಳಿಜಾರಲ್ಲೇ ಬಿದ್ದು ಗೀನೊ ಮೇಡರ್ ತೀರ್ಕೊಂಡ. ಅವನ ಟೀಮ್‌ಮೇಟ್ ಗೆರ್ನಿಕಾದ ಪೆಯ್ಯೊ ಬಿಲ್ಬಾವೊ, ಆ ವರ್ಷದ ಟೂರಲ್ಲಿ ಪ್ರತಿ ಸ್ಟೇಜಲ್ಲೂ ತನ್ನ ಹಿಂದೆ ಬಂದ ಒಬ್ಬೊಬ್ಬ ರೈಡರ್‌ಗೆ ಒಂದು ಯೂರೋ ಲೆಕ್ಕದಲ್ಲಿ ಗೆಳೆಯನ ನೆನಪಲ್ಲಿ ಪರಿಸರದ ಕೆಲಸಕ್ಕೆ ಕೊಟ್ಟ, ಮೇಡರ್ ಬದುಕಿದ್ದಾಗ ಹಾಗೇ ಮಾಡ್ತಿದ್ದ ಅಂತ. ಟೂರಲ್ಲಿ ಒಂದು ಸ್ಟೇಜ್ ಕೂಡ ಗೆದ್ದು ಅಳ್ತಾ ಅವನಿಗೇ ಅರ್ಪಿಸಿದ.

ಸುಧಾರಣೆ ಆಗ್ತಿದೆ, ನಿಧಾನ ಆಗ್ತಿದೆ ಅನ್ನೋದೇ ನನ್ನ ಸಿಟ್ಟು. ಹೆಲ್ಮೆಟ್ ಕಡ್ಡಾಯ ಮಾಡೋಕೇ 2003ರಲ್ಲಿ ಆಂದ್ರೆಯ್ ಕಿವಿಲೆವ್ ಸಾಯ್ಬೇಕಾಯ್ತು. ಈಗ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಸೇಫ್‌ಆರ್ ಅಂತ ಸುರಕ್ಷತೆಗೇ ಒಂದು ವ್ಯವಸ್ಥೆ ಮಾಡಿದೆ, ಅಪಾಯ ತರೋ ಥರ ಓಡಿಸೋರಿಗೆ 2025ರಿಂದ ಹಳದಿ ಕಾರ್ಡ್ ಇದೆ. ಆದ್ರೆ ರಸ್ತೆ ಆರಿಸೋರು ರೇಸ್ ನಡೆಸೋರು, ಇಳಿಜಾರಲ್ಲಿ ಚರಂಡಿ ಬದಿಗೆ ಪ್ಯಾಡ್ ಹಾಕೋ ಜವಾಬ್ದಾರಿ ಅವರದ್ದೇ, ರೈಡರ್ ಮೇಲೆ ಹಾಕಿ ಕೈತೊಳ್ಕೊಳ್ಳೋದು ಸರಿ ಅಲ್ಲ.

ನಿಮ್ಮ ಮಗನ ವಿಷಯ. ಬೇಡ ಅನ್ನೋಕೆ ನನಗೆ ಮನಸ್ಸು ಬರ್ತಿಲ್ಲ, ಯಾಕಂದ್ರೆ ನಿಮ್ಮ ಕಡೆಯ ಮಕ್ಕಳು ಸೈಕಲ್ಲಲ್ಲಿ ಏನು ಮಾಡಿದ್ದಾರೆ ಅಂತ ಗೊತ್ತು. ದುಬಾರಿ ಸೈಕಲ್ ಕೊಡಿಸೋಕೆ ಮುಂಚೆ ಒಳ್ಳೇ ಹೆಲ್ಮೆಟ್ ಕೊಡ್ಸಿ, ಕೋಚ್ ಇರೋ ಕಡೆ ಸೇರ್ಸಿ, ಒಬ್ಬನೇ ಹೈವೇಗೆ ಹೋಗೋಕೆ ಬಿಡಬೇಡಿ. ಮೊದಲ ವರ್ಷ ಸ್ಪೀಡ್ ಬೇಡ, ಬ್ರೇಕ್ ಹಿಡಿಯೋದು, ತಿರುವಲ್ಲಿ ಕಣ್ಣು ಎಲ್ಲಿಡೋದು, ಗುಂಪಲ್ಲಿ ಗಾಲಿಗೆ ಗಾಲಿ ತಾಗದ ಹಾಗೆ ಹೋಗೋದು ಕಲೀಲಿ. ಸೈಕಲ್ ಅವನ ಎತ್ತರಕ್ಕೆ ಸರಿಯಾಗಿರ್ಲಿ, ಮುಂದೆ ಬೆಳೀತಾನೆ ಅಂತ ದೊಡ್ಡ ಸೈಜ್ ಕೊಡಿಸೋ ತಪ್ಪು ಬಹಳ ಮನೇಲಿ ನಡೆಯುತ್ತೆ, ಅದರಲ್ಲಿ ಬ್ಯಾಲೆನ್ಸೇ ಸಿಗಲ್ಲ. ಮತ್ತೆ ಅವನ ಮೊದಲ ರೇಸಿಗೆ ನೀವೂ ಹೋಗಿ ಅಕ್ಕಾ. ಅಂದ ಹಾಗೆ ಅವತ್ತು ಬಿದ್ದ ಎವೆನೆಪೂಲ್ ನಾಲ್ಕೇ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸಲ್ಲಿ ಎರಡು ಚಿನ್ನ ಗೆದ್ದ, ವಿಂಗೆಗಾರ್ಡ್ ಟೂರಲ್ಲಿ ಎರಡನೇ ಜಾಗಕ್ಕೆ ಬಂದ.

ಪ್ರಶ್ನೆ: ಹುಡುಗಿಯರಿಗೆ ಈ ರೇಸ್ ಇಲ್ಲವೇ? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಇದೆ. 2022ರಿಂದ ಮಹಿಳೆಯರ ಇಟ್ಸುಲಿಯಾ ನಡೀತಿದೆ, ಮೂರು ದಿನ. ಮೊದಲ ವರ್ಷ ನೆದರ್ಲೆಂಡ್ಸಿನ ಡೆಮಿ ವೊಲರಿಂಗ್ ಮೂರೂ ಸ್ಟೇಜ್ ಗೆದ್ದು ರೇಸೂ ಗೆದ್ದಳು, ಮರುವರ್ಷ ಸ್ವಿಟ್ಜರ್ಲೆಂಡಿನ ಮಾರ್ಲೆನ್ ರೂಸರ್. ಇದಕ್ಕೂ ಮುಂಚೆ ಎಮಾಕುಮೆಎನ್ ಬಿರಾ ಅಂತ ಮಹಿಳೆಯರದ್ದೇ ಸ್ಟೇಜ್ ರೇಸ್ ವರ್ಷಗಟ್ಟಲೆ ಅಲ್ಲಿ ನಡೆದಿತ್ತು, ಟಿವಿ ಕ್ಯಾಮೆರಾ ಇಲ್ಲದ ಕಾಲದಲ್ಲೂ. ಗೆರ್ನಿಕಾದಲ್ಲಿ ಹುಟ್ಟಿದ ಹೊವಾನೆ ಸೊಮಾರ್ರಿಬಾ ಹೆಸರು ಬರೆದಿಟ್ಕೊಳ್ಳಮ್ಮ, ಮಹಿಳೆಯರ ಟೂರನ್ನ 2000, 2001, 2003ರಲ್ಲಿ ಮೂರು ಸಲ ಗೆದ್ದಾಕೆ, ಅವಳ ಕಾಲದಲ್ಲಿ ಅದಕ್ಕೆ ಸಿಗಬೇಕಾದ ಹಣ, ಹೆಸರು ಎರಡೂ ಸಿಗಲಿಲ್ಲ. ಗಂಡಸರಿಗೆ ಆರು ದಿನ ಹೆಂಗಸರಿಗೆ ಮೂರು ದಿನ ಅನ್ನೋದು ನನಗೆ ಒಪ್ಪಿಗೆ ಇಲ್ಲ, ಅದೇ ಬೆಟ್ಟ, ಅದೇ ಮಳೆ, ಹತ್ತೋ ಕಾಲಿಗೆ ತಾಕತ್ತಿದೆ ಅಂತ ಅವರು ತೋರಿಸಿ ಆಗಿದೆ.

ಪ್ರಶ್ನೆ: ಗೆದ್ದವರಿಗೆ ಕಪ್ ಬದಲು ಟೋಪಿ ಹಾಕ್ತಾರಲ್ಲ, ಯಾಕೆ? (ಹುಬ್ಬಳ್ಳಿ)

ಅದು ಚಾಪೆಲಾ, ಬಾಸ್ಕ್ ರೈತರು, ಕುರಿ ಕಾಯೋರು ಹಾಕ್ತಿದ್ದ ಅಗಲವಾದ ಉಣ್ಣೆ ಟೋಪಿ. ಅಲ್ಲಿ ಕಲ್ಲು ಎತ್ತೋ ಸ್ಪರ್ಧೆ, ಮರ ಕಡಿಯೋ ಸ್ಪರ್ಧೆ, ಗೋಡೆಗೆ ಚೆಂಡು ಹೊಡೆಯೋ ಪೆಲೋಟಾ ಆಟ, ಯಾವುದ್ರಲ್ಲಿ ಗೆದ್ರೂ ಇದೇ ಮರ್ಯಾದೆ. ಸ್ಲೊವೇನಿಯಾದವನೇ ಗೆಲ್ಲಲಿ ಡೆನ್ಮಾರ್ಕಿನವನೇ ಗೆಲ್ಲಲಿ, ತಲೆ ಮೇಲೆ ಚಾಪೆಲಾ ಬಂದೇ ಬರುತ್ತೆ.

ಪ್ರಶ್ನೆ: ನಮ್ಮ ಬಾಗಲಕೋಟಿ, ವಿಜಯಪುರ, ಗದಗ ಕಡೆ ನ್ಯಾಷನಲ್ ಮೆಡಲ್ ತಂದ ಹುಡುಗರು ಬೇಕಾದಷ್ಟ ಅದಾರ. ಇಂಥಾ ಸ್ಟೇಜ್ ರೇಸ್ ನಮ್ಮ ನಾಡಿನಾಗ ಯಾಕ ಆಗಬಾರದು? (ದೈಹಿಕ ಶಿಕ್ಷಕರು, ಬಾಗಲಕೋಟೆ)

ಸರ್, ಈ ಪ್ರಶ್ನೆಗೋಸ್ಕರವೇ ಈ ಅಂಕಣ ಬರೆದೆ ಅಂದ್ರೂ ತಪ್ಪಿಲ್ಲ. ಆಗಬೇಕು, ಆಗಬಹುದು. ಯುಸಿಐ ಲೆಕ್ಕದಲ್ಲಿ ಸ್ಟೇಜ್ ರೇಸ್‌ಗಳಿಗೆ ದರ್ಜೆ ಇದೆ, ಮೇಲೆ ವರ್ಲ್ಡ್ ಟೂರ್, ಅದರ ಕೆಳಗೆ ಪ್ರೊ ಸೀರೀಸ್, ಆಮೇಲೆ 2.1, ಕೊನೇಲಿ 2.2. ಇಟ್ಸುಲಿಯಾ ವರ್ಲ್ಡ್ ಟೂರ್. ಪಕ್ಕದ ಪುಣೆಯವರು 2026ರ ಜನವರಿಗೆ 2.2 ದರ್ಜೆಯ ರೇಸ್ ತಂದ್ರು, ಸಹ್ಯಾದ್ರಿ ಬೆಟ್ಟದ ರಸ್ತೆಗಳಲ್ಲಿ. ನಮ್ಮಲ್ಲಿ ಬೆಂಗಳೂರು ಮೈಸೂರು ಕಡೆಯಿಂದ ಊಟಿಗೆ ಹೋಗೋ ಟೂರ್ ಆಫ್ ನೀಲಗಿರೀಸ್ 2008ರಿಂದ ಇದೆ, ಚೆನ್ನಾಗಿ ನಡೆಸ್ತಾರೆ, ಆದ್ರೆ ಅದು ಹವ್ಯಾಸಿಗಳದ್ದು.

ಆದ್ರೆ ನಾನು ದೊಡ್ಡ ರೇಸ್ ಮೊದಲು ಕೇಳಲ್ಲ. ಬಾಸ್ಕ್ ನಾಡಲ್ಲಿ ಊರೂರಿಗೂ ಸೈಕಲ್ ಕ್ಲಬ್ ಇದೆ, ಭಾನುವಾರ ಮಕ್ಕಳ ರೇಸ್, ರಸ್ತೆ ಮುಚ್ಚೋಕೆ ಊರ ಪೊಲೀಸರು, ತಿರುವಿಗೊಬ್ಬ ಬಾವುಟ ಹಿಡಿದ ವಾಲಂಟಿಯರ್, ಗೆದ್ದ ಮಗುವಿಗೆ ಚಿಕ್ಕ ಚಾಪೆಲಾ. ಇಟ್ಸುಲಿಯಾ ಅದರ ಮೇಲೆ ನಿಂತಿದೆ. ನಮ್ಮಲ್ಲಿ ರೈಡರ್ ಇದ್ದಾರೆ, ರಾಮದುರ್ಗ ತಾಲ್ಲೂಕಿನ ಚಂದರಗಿಯಂಥ ಕ್ರೀಡಾ ಶಾಲೆ ಇದೆ, ಜಮಖಂಡಿ ಕಡೆ ಹಳ್ಳಿ ಜಾತ್ರೆಗಳಲ್ಲಿ ಸೈಕಲ್ ಓಟ ನೋಡೋಕೆ ಸಾವಿರಾರು ಜನ ಸೇರೋ ಅಭ್ಯಾಸ ಇದೆ. ಇಲ್ಲದಿರೋದು ವರ್ಷಪೂರ್ತಿ ರೇಸ್ ಕ್ಯಾಲೆಂಡರ್. ವರ್ಷಕ್ಕೆ ಒಂದೆರಡು ಚಾಂಪಿಯನ್‌ಶಿಪ್, ಅಲ್ಲಿ ಮೆಡಲ್ ಬಂದ್ರೆ ರೈಲ್ವೆಲೋ ಸೇನೆಯಲ್ಲೋ ನೌಕರಿ, ಅಲ್ಲಿಗೆ ಬಹಳ ಹುಡುಗರ ಸೈಕ್ಲಿಂಗ್ ಮುಗೀತು, ಅವರದ್ದೇನೂ ತಪ್ಪಿಲ್ಲ, ಮನೆ ನಡೀಬೇಕಲ್ಲ. ಬಾಗಲಕೋಟೆ, ಬಾದಾಮಿ, ಗಜೇಂದ್ರಗಡ, ಮೂರು ಊರು ಸೇರ್ಕೊಂಡು ಶನಿವಾರ ಭಾನುವಾರ ಎರಡು ದಿನದ ಒಂದು ಜೂನಿಯರ್ ಸ್ಟೇಜ್ ರೇಸ್ ಮಾಡಿದ್ರೆ ಸಾಕು, ಒಂದು ದಿನ ಗಜೇಂದ್ರಗಡದ ಏರು, ಇನ್ನೊಂದು ದಿನ ಎರೆ ಭೂಮಿಯ ನೇರ ರಸ್ತೇಲಿ ಟೈಮ್ ಟ್ರಯಲ್, ಬೆಳಗ್ಗೆ ಆರರಿಂದ ಹತ್ತರ ತನಕ ರಸ್ತೆ ಮುಚ್ಚಿ, ಎರಡು ಆಂಬುಲೆನ್ಸ್. ಟೈಮ್ ಕೂಡ್ಸೋದು, ಟೀಮಾಗಿ ಓಡಿಸೋದು, ನಿನ್ನೆ ಸೋತಿದ್ದನ್ನ ಇವತ್ತು ತಿರುಗಿ ತರೋದು ಮಕ್ಕಳಿಗೆ ಇಂಥ ಕಡೆನೇ ಬರೋದು, ಒಂದು ದಿನದ ರೇಸಲ್ಲಿ ಬರಲ್ಲ. ನಿಮ್ಮ ಶಾಲೆಯಿಂದ ಶುರು ಮಾಡೋ ಮನಸ್ಸಿದ್ರೆ ಪತ್ರಿಕೆ ವಿಳಾಸಕ್ಕೆ ಬರೀರಿ, ಈ ಅಂಕಣದಲ್ಲಿ ತಾರೀಖು ಸಮೇತ ಹಾಕ್ತೀವಿ, ನಾನೂ ಬಂದು ತಿರುವಲ್ಲಿ ಬಾವುಟ ಹಿಡ್ಕೊಂಡು ನಿಲ್ತೀನಿ.

ಪ್ರಶ್ನೆ: ಈ ರೇಸ್ ನೋಡಬೇಕು ಅಂದ್ರೆ ಎಷ್ಟು ಹೊತ್ತಿಗೆ ಕೂರಬೇಕು? ಐದು ಗಂಟೆ ಎಲ್ಲ ನೋಡೋಕೆ ಆಗಲ್ಲ. (ಗೃಹಿಣಿ, ಮಂಗಳೂರು)

ಐದು ಗಂಟೆ ಬೇಡ. ಸ್ಟೇಜ್‌ಗಳು ಹೆಚ್ಚಾಗಿ ನಮ್ಮ ಟೈಮಲ್ಲಿ ರಾತ್ರಿ ಎಂಟೂವರೆ ಒಂಬತ್ತರ ಹೊತ್ತಿಗೆ ಮುಗೀತವೆ, ಏಳೂವರೆಗೆ ಕೂತ್ರೆ ಕೊನೇ ನಲ್ವತ್ತು ಕಿಲೋಮೀಟರ್ ಸಿಗುತ್ತೆ. ಮುಂದೆ ಎಷ್ಟು ಜನ ಇದ್ದಾರೆ, ಹಿಂದಿನ ಗುಂಪು ಎಷ್ಟು ನಿಮಿಷ ದೂರ ಅಂತ ಸ್ಕ್ರೀನ್ ಮೇಲೆ ಬರುತ್ತೆ, ಹತ್ತು ಕಿ.ಮೀ.ಗೆ ಒಂದು ನಿಮಿಷ ಅಂತರ ಇದ್ರೆ ಹಿಡಿದ್ರೂ ಹಿಡೀಬಹುದು ಅನ್ನೋದು ಹಳಬರ ಲೆಕ್ಕ, ಏರು ಜಾಸ್ತಿ ಇದ್ರೆ ಆ ಲೆಕ್ಕ ನಂಬಬೇಡಿ. ಹಳದಿ ಜರ್ಸಿಯವನ ಸುತ್ತ ಅವನ ಟೀಮಿನವರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸ್ತಾ ಇರಿ, ಇಬ್ಬರಿಗಿಂತ ಕಮ್ಮಿ ಆದ್ರೆ ಅಡುಗೆಮನೆಗೆ ಎದ್ದು ಹೋಗಬೇಡಿ. ಒಂದೇ ದಿನ ನೋಡೋಕಾಗೋದು ಅಂದ್ರೆ ಶನಿವಾರ ನೋಡಿ, ಅದೇ ಕೊನೇ ಸ್ಟೇಜ್.